ಲ್ಯಾಬ್‌ಗೆ ಸ್ಯಾಂಪಲ್ ಕಳಿಸುವ ಮುನ್ನ

ಸಿಗಡಿ ಸಾಕುವ ಗೆಳೆಯರೇ, ವಿಶ್ವವಿದ್ಯಾಲಯದ ಲ್ಯಾಬ್ ಅಂದರೆ ಬರೀ ನೀರಿನ ಪರೀಕ್ಷೆ ಅಲ್ಲ. ರೋಗ ಪತ್ತೆ, ಮೇವಿನ ಪ್ರಯೋಗ, ಮರಿಗಳ ಗುಣಮಟ್ಟವನ್ನೂ ಅಲ್ಲಿ ನೋಡಿಸಬಹುದು. ಸ್ಯಾಂಪಲ್ ಮಾತ್ರ ಸರಿಯಾಗಿರಲಿ. ಸತ್ತು ಬಿದ್ದ ಸಿಗಡಿ ಬೇಡ, ಬೇಗ ಕೊಳೆಯುತ್ತದೆ. ಜೀವ ಇದ್ದೂ ಸೋತು ಕೊಳದ ಅಂಚಿಗೆ ಬಂದದ್ದನ್ನು ಹಿಡಿಯಿರಿ. ಬಿಳಿಚುಕ್ಕೆ ರೋಗ ತರುವ ವೈರಸ್‌ನ ಪಿಸಿಆರ್ ಪರೀಕ್ಷೆಗಾದರೆ (ಡಿಎನ್‌ಎ ನೋಡಿ ವೈರಸ್ ಪತ್ತೆ ಮಾಡುವ ಪರೀಕ್ಷೆ) 95% ಎಥನಾಲ್‌ನಲ್ಲಿಡಿ. ಫಾರ್ಮಲಿನ್ ಖಂಡಿತ ಬೇಡ, ಡಿಎನ್‌ಎ ಹಾಳಾಗುತ್ತದೆ. ಕರಗಿದ ಆಮ್ಲಜನಕವನ್ನು ಕೊಳದ ಹತ್ತಿರವೇ ಅಳೆಯಿರಿ. ಬಾಟಲಿಯಲ್ಲಿ ಕಳಿಸಿದರೆ ದಾರಿಯಲ್ಲೇ ಬದಲಾಗುತ್ತದೆ.

ಹೊಸ ಮೇವಿನ ಪ್ರಯೋಗಕ್ಕೆ ಕೊಳ ಕೊಡುವವರು ಹಳೇ ಮೇವಿನ ಕೊಳವನ್ನೂ ಜೊತೆಗಿಡಿ. ಹೋಲಿಕೆ ಇಲ್ಲದಿದ್ದರೆ ಏನು ಗೊತ್ತಾಗುತ್ತದೆ, ಅಲ್ವಾ? ಜಂಟಿ ಸಂಶೋಧನೆಗೆ ಸಹಿ ಹಾಕುವ ಮೊದಲು ಮಾಹಿತಿ ಯಾರದ್ದು, ಪ್ರಕಟಿಸುವ ಮುಂಚೆ ನಮಗೆ ತೋರಿಸುತ್ತಾರಾ ಎಂದು ದಯವಿಟ್ಟು ಕೇಳಿ, ಬರವಣಿಗೆಯಲ್ಲೇ ಪಡೆಯಿರಿ.