ಮಗಳಿಗೊಂದು ಪತ್ರ: ನೀನು ಬಂದಿಳಿದ ವಿಮಾನ ನಿಲ್ದಾಣದ ಹೆಸರು

ಪುಟ್ಟೀ,

ನೀನು ಅಮೆರಿಕಕ್ಕೆ ಹೋಗಿ ಇಳಿದ ರಾತ್ರಿ ಕಳಿಸಿದ ಫೋಟೋ ಇನ್ನೂ ನನ್ನ ಮೊಬೈಲಿನಲ್ಲಿದೆ. ಎರಡು ದೊಡ್ಡ ಸೂಟ್‌ಕೇಸು, ನಿದ್ದೆಗೆಟ್ಟ ಮುಖ, ಹಿಂದೆ ಬೋರ್ಡಿನಲ್ಲಿ 'ಬರ್ಮಿಂಗ್‌ಹ್ಯಾಮ್-ಷಟಲ್ಸ್‌ವರ್ತ್'. "ಹೇಳೋಕೆ ನಾಲಿಗೇನೇ ತಿರುಗಲ್ಲ ಅಪ್ಪ, ಯಾರೋ ರಾಜಕಾರಣಿ ಹೆಸರಿರಬೇಕು" ಅಂದಿದ್ದೆ. ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ, ಮಗಳು ಹೋಗಿರುವ ಊರು ಎಂಥದ್ದು ನೋಡೋಣ ಅಂತ ಓದುತ್ತಾ ಕೂತೆ. ಅಲ್ಲಿ ಈ ಮನುಷ್ಯ ಸಿಕ್ಕಿದರು. ಎರಡು ತಿಂಗಳಾಯಿತು, ತಲೆಯಿಂದ ಹೋಗುತ್ತಿಲ್ಲ. ಫೋನಿನಲ್ಲಿ ಹೇಳೋಣ ಅಂದರೆ ನಿನಗೆ ಕ್ಲಾಸಿನ ಗಡಿಬಿಡಿ. ಅದಕ್ಕೇ ಬರೆಯುತ್ತಿದ್ದೇನೆ, ಬಿಡುವಾದಾಗ ಓದು.

ಅವರು ರಾಜಕಾರಣಿ ಅಲ್ಲ, ಪಾದ್ರಿ. ಫ್ರೆಡ್ ಷಟಲ್ಸ್‌ವರ್ತ್. 1922ರಲ್ಲಿ, ನೀನಿರುವ ಅಲಬಾಮಾ ರಾಜ್ಯದಲ್ಲೇ ಹುಟ್ಟಿದ್ದು. ಬಡ ಮನೆ. ಲಾರಿ ಓಡಿಸಿದವರು, ಆಮೇಲೆ ಓದಿ ಪಾದ್ರಿಯಾದವರು. 1953ರಲ್ಲಿ ನಿನ್ನ ಊರಿನ ಬೆತೆಲ್ ಬ್ಯಾಪ್ಟಿಸ್ಟ್ ಚರ್ಚಿಗೆ ಬಂದರು.

ಬ್ಯಾಪ್ಟಿಸ್ಟ್ ಅನ್ನುವುದು ಕ್ರೈಸ್ತರ ಒಂದು ಪಂಗಡ. ಅವರಲ್ಲಿ ಒಂದು ಪದ್ಧತಿ ಇದೆ. ಪಾದ್ರಿಯನ್ನು ಮೇಲಿನಿಂದ ಯಾವ ಬಿಷಪ್ಪೂ ನೇಮಿಸುವುದಿಲ್ಲ. ಚರ್ಚಿನ ಜನರೇ ಆರಿಸುತ್ತಾರೆ, ಅವರೇ ಸಂಬಳ ಕೊಡುತ್ತಾರೆ. ಇದು ಸಣ್ಣ ವಿಷಯ ಅಲ್ಲ. ಆ ಕಾಲದಲ್ಲಿ ಕಪ್ಪು ಜನರಲ್ಲಿ ಯಾರಾದರೂ ಬಾಯಿ ಬಿಟ್ಟರೆ ಮರುದಿನವೇ ಕೆಲಸ ಹೋಗುತ್ತಿತ್ತು, ಯಾಕೆಂದರೆ ಕೆಲಸ ಕೊಟ್ಟವರು ಬಿಳಿಯರು. ಪಾದ್ರಿಯ ಅನ್ನ ಮಾತ್ರ ತನ್ನ ಜನರ ಕೈಯಿಂದಲೇ ಬರುತ್ತಿತ್ತು. ಕಪ್ಪು ಜನರ ಸಮಾನ ಹಕ್ಕಿನ ಚಳವಳಿಯ ಮುಂದೆ ಅಷ್ಟೊಂದು ಪಾದ್ರಿಗಳು ಯಾಕೆ ನಿಂತರು ಅನ್ನುವುದಕ್ಕೆ ಇದೂ ಒಂದು ಕಾರಣ.

1956ರಲ್ಲಿ ಕಪ್ಪು ಜನರ ದೊಡ್ಡ ಸಂಘಟನೆಯೊಂದನ್ನು ಅಲಬಾಮಾ ಸರ್ಕಾರ ಕೋರ್ಟಿನ ಮೂಲಕ ನಿಲ್ಲಿಸಿಬಿಟ್ಟಿತು. ಕೆಲವೇ ದಿನಗಳಲ್ಲಿ ಷಟಲ್ಸ್‌ವರ್ತ್ ಇನ್ನೊಂದನ್ನು ಕಟ್ಟಿದರು. ಪ್ರತಿ ಸೋಮವಾರ ರಾತ್ರಿ ಚರ್ಚುಗಳಲ್ಲಿ ಸಭೆ. ಹಾಡು, ಪ್ರಾರ್ಥನೆ, ಮುಂದೇನು ಅನ್ನುವ ಮಾತು. ಪೊಲೀಸರೂ ಬಂದು ಕೂತು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರಂತೆ. ಬರೆದುಕೊಳ್ಳಲಿ ಬಿಡಿ ಅಂತ ಇವರು ಹಾಡುತ್ತಲೇ ಇದ್ದರು.

ಅದೇ ವರ್ಷದ ಕ್ರಿಸ್‌ಮಸ್ ರಾತ್ರಿ. ಷಟಲ್ಸ್‌ವರ್ತ್ ಮಂಚದ ಮೇಲೆ ಮಲಗಿದ್ದರು. ಚರ್ಚಿನ ಪಕ್ಕದಲ್ಲೇ ಮನೆ, ಒಳಗೆ ಹೆಂಡತಿ, ಮಕ್ಕಳು. ಮನೆಗೆ ತಾಗಿಸಿ ಇಟ್ಟಿದ್ದ ಡೈನಮೈಟ್ ಸಿಡಿಯಿತು. ಮಂಚದ ಕೆಳಗಿನ ನೆಲವೇ ಹಾರಿಹೋಯಿತು, ಮನೆ ಕುಸಿಯಿತು. ಹೊರಗೆ ಸೇರಿದ ಜನ ಇವರು ಹೋದರು ಅಂತಲೇ ಅಂದುಕೊಂಡಿದ್ದರು. ಆ ಧೂಳಿನಿಂದ ಇವರು ಎದ್ದು ನಡೆದುಬಂದರು. ಅಲ್ಲಿದ್ದ ಪೊಲೀಸಿನವನೊಬ್ಬ, ನಾನು ನೀವಾಗಿದ್ದರೆ ಈ ಊರು ಬಿಟ್ಟು ಹೋಗ್ತಿದ್ದೆ ಅಂದ. ನೀವು ನಾನಲ್ಲ, ನಾನು ಇಲ್ಲೇ ಇರ್ತೀನಿ ಅಂತ ನಿಮ್ಮವರಿಗೆ ಹೋಗಿ ಹೇಳಿ, ಅಂದರಂತೆ ಇವರು. ಮರುದಿನ ಬೆಳಿಗ್ಗೆ ನೂರಾರು ಜನರನ್ನು ಕಟ್ಟಿಕೊಂಡು ಸಿಟಿ ಬಸ್ಸು ಹತ್ತಿ, ಬಿಳಿಯರಿಗೆ ಮೀಸಲಿದ್ದ ಮುಂದಿನ ಸೀಟುಗಳಲ್ಲಿ ಕೂತರು. ಮನೆ ಇಲ್ಲ, ರಾತ್ರಿ ನಿದ್ದೆ ಇಲ್ಲ, ಆದರೂ ಬಸ್ಸು ಹತ್ತುವ ಕೆಲಸ ತಪ್ಪಲಿಲ್ಲ.

ಇಷ್ಟು ಓದಿ ನಾನು ಮೆಚ್ಚಿಕೊಂಡು ಸುಮ್ಮನಾಗಬಹುದಿತ್ತು. ಆದರೆ ಮುಂದಿನದು ನನ್ನನ್ನು ಕೂರಲು ಬಿಡಲಿಲ್ಲ.

1954ರಲ್ಲೇ ಅಲ್ಲಿನ ಸುಪ್ರೀಂ ಕೋರ್ಟು, ಬಿಳಿ ಮಕ್ಕಳಿಗೊಂದು ಕಪ್ಪು ಮಕ್ಕಳಿಗೊಂದು ಶಾಲೆ ಇರುವುದು ತಪ್ಪು ಅಂದಿತ್ತು. ಬರ್ಮಿಂಗ್‌ಹ್ಯಾಮ್ ಕಿವಿಗೇ ಹಾಕಿಕೊಳ್ಳಲಿಲ್ಲ. 1957ರ ಸೆಪ್ಟೆಂಬರ್ 9ರಂದು ಷಟಲ್ಸ್‌ವರ್ತ್ ತಮ್ಮ ಹೆಣ್ಣುಮಕ್ಕಳಾದ ಪ್ಯಾಟ್, ರೂಬಿ ಇಬ್ಬರನ್ನೂ ಕಾರಿನಲ್ಲಿ ಕೂರಿಸಿಕೊಂಡು ಬಿಳಿಯರ ಫಿಲಿಪ್ಸ್ ಹೈಸ್ಕೂಲಿಗೆ ಸೇರಿಸಲು ಹೊರಟರು. ಜೊತೆಗೆ ಹೆಂಡತಿ, ಅವರ ಹೆಸರೂ ರೂಬಿಯೇ. ಶಾಲೆಯ ಮುಂದೆ ಗುಂಪು ಕಾದಿತ್ತು. ಕಾರಿನಿಂದ ಇಳಿದ ಷಟಲ್ಸ್‌ವರ್ತ್ ಮೇಲೆ ಬಿದ್ದು ಸೈಕಲ್ ಚೈನಿನಿಂದ, ಮುಷ್ಟಿಗೆ ಹಾಕಿಕೊಂಡ ಕಬ್ಬಿಣದಿಂದ ಬಡಿದರು. ಹೆಂಡತಿಯ ಸೊಂಟದ ಕೆಳಗೆ ಚಾಕು ಹಾಕಿದರು. ಚಿಕ್ಕ ರೂಬಿಯ ಕಾಲು ಕಾರಿನ ಬಾಗಿಲಿಗೆ ಸಿಕ್ಕಿ ನೋವಾಯಿತು. ತಂದೆ ನೆಲದ ಮೇಲೆ ತೆವಳಿಕೊಂಡೇ ಕಾರಿಗೆ ಬಂದರು. ಇಷ್ಟು ಏಟು ಬಿದ್ದರೂ ತಲೆಬುರುಡೆ ಹೇಗೆ ಒಡೆಯಲಿಲ್ಲ ಅಂತ ಡಾಕ್ಟರಿಗೆ ಆಶ್ಚರ್ಯ. ನಾನಿರುವ ಊರು ಗಟ್ಟಿ ಅಂತ ದೇವರಿಗೆ ಗೊತ್ತಿತ್ತು, ಅದಕ್ಕೇ ಗಟ್ಟಿ ತಲೆ ಕೊಟ್ಟ ಅಂದರಂತೆ.

ಪುಟ್ಟಿ, ನಾನಾಗಿದ್ದರೆ ನಿನ್ನನ್ನು ಆ ಕಾರಿನಲ್ಲಿ ಕೂರಿಸುತ್ತಿದ್ದೆನಾ? ಎಷ್ಟೋ ರಾತ್ರಿ ಕೇಳಿಕೊಂಡೆ. ಇಲ್ಲ, ಕೂರಿಸುತ್ತಿರಲಿಲ್ಲ. ಒಬ್ಬನೇ ಹೋಗಿ ಏಟು ತಿಂದು ಬರುತ್ತಿದ್ದೆನೇನೋ. ಮಕ್ಕಳನ್ನು ಬೆಂಕಿಗೆ ಒಡ್ಡುವ ಅಪ್ಪನ ಮೇಲೆ ಮೊದಲು ನನಗೆ ಸಿಟ್ಟೇ ಬಂತು. ಆಮೇಲೆ ನಿನ್ನ ತಾತ ನೆನಪಾದರು.

ನಿನಗೆ ಹೇಳಿದ್ದೆನೋ ಇಲ್ಲವೋ. ನನ್ನನ್ನು ಊರ ಶಾಲೆಗೆ ಸೇರಿಸಿದ ದಿನ ತಾತ ನನ್ನ ಕೈ ಹಿಡಿದುಕೊಂಡು ಮೇಲಿನ ಕೇರಿಯ ನಡುವೆಯೇ ಕರೆದುಕೊಂಡು ಹೋದರು. ಸುತ್ತಿ ಹೋಗುವ ದಾರಿ ಇತ್ತು, ನಮ್ಮ ಜನ ಅದರಲ್ಲೇ ಹೋಗುತ್ತಿದ್ದರು. ಜಗಲಿ ಮೇಲೆ ಕೂತಿದ್ದವರು ಏನೇನೋ ಅಂದರು. ತಾತನ ಅಂಗೈ ಒದ್ದೆಯಾಗಿತ್ತು, ಆದರೆ ಹಿಡಿತ ಸಡಿಲ ಆಗಲಿಲ್ಲ. ನನ್ನನ್ನು ಬಾಗಿಲ ಹತ್ತಿರ ಗೋಣಿಚೀಲದ ಮೇಲೆ ಕೂರಿಸಿದರು. ಮಧ್ಯಾಹ್ನದ ತನಕ ತಾತ ಹುಣಸೆಮರದ ಕೆಳಗೆ ನಿಂತೇ ಇದ್ದರು. ಅವತ್ತಿನ ಕೂಲಿ ಹೋಯಿತು. ನನಗೂ ಹೆದರಿಕೆ ಆಗಿತ್ತು, ತಾತನಿಗೆ ಇನ್ನೂ ಜಾಸ್ತಿ ಆಗಿತ್ತು ಅಂತ ಈಗ ಅರ್ಥವಾಗುತ್ತೆ. ನನ್ನನ್ನು ಮನೆಯಲ್ಲೇ ಉಳಿಸಿಕೊಂಡಿದ್ದರೆ ಇವತ್ತು ನೀನು ಆ ಯೂನಿವರ್ಸಿಟಿಯಲ್ಲಿ ಇರುತ್ತಿರಲಿಲ್ಲ, ಅಲ್ವಾ?

ಆಮೇಲೆ ಆ ಅಪ್ಪನ ಮೇಲಿನ ಸಿಟ್ಟು ಹೋಯಿತು. ಪ್ಯಾಟ್, ರೂಬಿ ಮಾತ್ರ ಆ ಶಾಲೆಯ ಬೆಂಚಿನ ಮೇಲೆ ಕೂರಲೇ ಇಲ್ಲ. ಊರಿನ ಬಿಳಿ ಶಾಲೆಗಳ ಬಾಗಿಲು ಕಪ್ಪು ಮಕ್ಕಳಿಗೆ ತೆರೆದದ್ದು 1963ರಲ್ಲಿ. ಅಷ್ಟರಲ್ಲಿ ಆ ಕುಟುಂಬ ಓಹಾಯೊ ರಾಜ್ಯದ ಸಿನ್ಸಿನಾಟಿಗೆ ಹೋಗಿಯಾಗಿತ್ತು.

ಮಾರ್ಟಿನ್ ಲೂಥರ್ ಕಿಂಗ್ ಗೊತ್ತಲ್ಲ? 1963ರಲ್ಲಿ ಅವರನ್ನು ಬರ್ಮಿಂಗ್‌ಹ್ಯಾಮಿಗೆ ಕರೆಸಿಕೊಂಡವರೂ ಇವರೇ. ಆ ಹೊತ್ತಿಗೆ ಪಾದ್ರಿ ಕೆಲಸ ಸಿನ್ಸಿನಾಟಿಯಲ್ಲಿ, ಹೋರಾಟ ಬರ್ಮಿಂಗ್‌ಹ್ಯಾಮಿನಲ್ಲಿ. ಮೇ ತಿಂಗಳಲ್ಲಿ ಮಕ್ಕಳು ಬೀದಿಗಿಳಿದರು, ಜೈಲು ತುಂಬಿದರು. ಅವರ ಮೇಲೆ ನಾಯಿ ಬಿಟ್ಟರು, ಬೆಂಕಿ ಆರಿಸುವ ಪೈಪಿನಿಂದ ನೀರು ಹೊಡೆದರು. ಆ ನೀರಿನ ರಭಸಕ್ಕೆ ಷಟಲ್ಸ್‌ವರ್ತ್ ಚರ್ಚಿನ ಗೋಡೆಗೆ ಬಡಿದು ಆಸ್ಪತ್ರೆ ಸೇರಿದರು. ತಾನು ಹಾಸಿಗೆಯಲ್ಲಿರುವಾಗ ಮೆರವಣಿಗೆ ನಿಲ್ಲಿಸುವ ಮಾತಾಗಿದೆ ಅಂತ ಗೊತ್ತಾದಾಗ ಎದ್ದು ಬಂದು ಕಿಂಗ್ ಅವರ ಜೊತೆಗೇ ಜಗಳ ಆಡಿದರು. ಮುಲಾಜು ನೋಡುವ ಮನುಷ್ಯ ಅಲ್ಲ. ನನಗೆ ಅದೂ ಇಷ್ಟವಾಯಿತು.

ಆ ಸೆಪ್ಟೆಂಬರ್ 15ರ ಭಾನುವಾರ ಸಿಕ್ಸ್‌ಟೀನ್ತ್ ಸ್ಟ್ರೀಟ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಬಾಂಬು ಸಿಡಿದು ನಾಲ್ಕು ಹುಡುಗಿಯರು ಸತ್ತರು. ಮೂವರಿಗೆ 14 ವರ್ಷ, ಡೆನಿಸ್‌ಗೆ 11. ಇದರ ಬಗ್ಗೆ ಜಾಸ್ತಿ ಬರೆಯಲು ಕೈ ಬರುತ್ತಿಲ್ಲ. ನೀನೇ ಹೋಗಿ ಆ ನಾಲ್ಕು ಹೆಸರು ಓದು. ಎದುರಿಗೇ ಪಾರ್ಕು, ಅಲ್ಲೇ ಇರುವ ಮ್ಯೂಸಿಯಮ್ಮಿನ ಹೊರಗೆ ಷಟಲ್ಸ್‌ವರ್ತ್ ಅವರ ಪ್ರತಿಮೆ ಇದೆ.

2007ರಲ್ಲಿ, ಅದೇ ಹೋರಾಟದಲ್ಲಿ ಹೆಸರಾದ ಸೆಲ್ಮಾ ಊರಿನ ಸೇತುವೆ ಮೇಲೆ ವ್ಹೀಲ್‌ಚೇರಿನಲ್ಲಿದ್ದ ಅವರನ್ನು ಬರಾಕ್ ಒಬಾಮಾ ತಳ್ಳಿಕೊಂಡು ಹೋದರು. 2008ರಲ್ಲಿ ವಿಮಾನ ನಿಲ್ದಾಣಕ್ಕೆ ಅವರ ಹೆಸರಿಟ್ಟರು, ಅವರು ಬದುಕಿರುವಾಗಲೇ. ಊರು ಬಿಡು ಅಂತ ಹೇಳಿಸಿಕೊಂಡವರ ಹೆಸರನ್ನು, ಆ ಊರಿಗೆ ಬರುವವರೆಲ್ಲ ಮೊದಲು ಓದುವ ಹಾಗಾಯಿತು. ವಯಸ್ಸಾದ ಮೇಲೆ ಬರ್ಮಿಂಗ್‌ಹ್ಯಾಮಿಗೇ ವಾಪಸ್ ಬಂದಿದ್ದರು. 2011ರ ಅಕ್ಟೋಬರ್ 5ರಂದು ಅಲ್ಲೇ ತೀರಿಕೊಂಡರು. 89 ವರ್ಷ.

ಒಂದು ಭಾನುವಾರ ಬಿಡುವು ಮಾಡಿಕೊಂಡು ಬೆತೆಲ್‌ನ ಹಳೇ ಚರ್ಚಿಗೆ ಹೋಗಿ ಬಾ. ಕಾಲೇಜ್‌ವಿಲ್ ಅನ್ನುವ ಬಡಾವಣೆ. ಸ್ವೆಟರ್ ಹಾಕಿಕೊಂಡು ಹೋಗು, ಚಳಿ ಶುರುವಾಗಿದೆ ಅಂತ ಅಮ್ಮ ಹೇಳುತ್ತಿದ್ದಾಳೆ. ಬಸ್ಸು ಸಿಕ್ಕಿದರೆ ಬಸ್ಸಿನಲ್ಲೇ ಹೋಗು. ಮುಂದಿನ ಸೀಟಿನಲ್ಲಿ ಕೂತು ಒಂದು ಫೋಟೋ ತೆಗೆದು ಕಳಿಸು. ತಾತನ ಫೋಟೋ ಪಕ್ಕದಲ್ಲಿ ಇಡ್ತೀನಿ.

ನಿನ್ನ
ಅಪ್ಪ