ಐಡಲ್ ಏರಿದ್ರೆ ಬರೀ ಸ್ಕ್ರೂ ತಿರುಗಿಸಿದ್ರೆ ಸಾಲದು

ಸಂಪಾದಕರೇ,

ಟೂ-ಸ್ಟ್ರೋಕ್ ಎಟಿವಿಗೆ (ಕಚ್ಚಾ ದಾರೀಲಿ ಓಡಿಸೋ ನಾಲ್ಕು ಚಕ್ರದ ಬೈಕಿಗೆ) ದೊಡ್ಡ ಕಾರ್ಬ್ಯುರೇಟರು, ಬೇರೆ ಎಕ್ಸಾಸ್ಟ್ ಪೈಪು ಹಾಕ್ಸಿ ಆಮೇಲೆ ಐಡಲ್ (ಆಕ್ಸಿಲರೇಟರ್ ಬಿಟ್ಟಾಗಿನ ಇಂಜಿನ್ ವೇಗ) ಇಳೀತಿಲ್ಲ ಅಂತ ಒದ್ದಾಡೋರು ಮೊದಲು ಕೈ ಹಾಕೋದೇ ಐಡಲ್ ಸ್ಕ್ರೂಗೆ. ಅದಕ್ಕಿಂತ ಮೊದಲು ಇಂಜಿನ್ ಓಡ್ತಿರುವಾಗಲೇ ಹ್ಯಾಂಡಲ್ ಎರಡೂ ಕಡೆ ತಿರುಗಿಸಿ ನೋಡಿ, ಆರ್‌ಪಿಎಂ ಏರಿದ್ರೆ ಆಕ್ಸಿಲರೇಟರ್ ಕೇಬಲ್ ಬಿಗಿಯಾಗಿದೆ ಅಂತ. ಏರ್ಲಿಲ್ವಾ, ಪೈಲಟ್ ಜೆಟ್ (ಐಡಲ್ ಆಗುವಾಗ ಪೆಟ್ರೋಲ್ ಬಿಡೋ ಕಾರ್ಬ್ಯುರೇಟರಿನ ಸಣ್ಣ ತೂತು) ಚಿಕ್ಕದಿರಬಹುದು, ಆದ್ರೆ ನನ್ ಪ್ರಕಾರ ಮೊದಲ ಅನುಮಾನ ಗಾಳಿ ಲೀಕ್ ಮೇಲೇ: ಇನ್‌ಟೇಕ್ ರಬ್ಬರ್ ಬಿರುಕು ಬಿಟ್ಟಿರತ್ತೆ, ರೀಡ್ ವಾಲ್ವಿನ (ಇಂಜಿನ್ ಒಳಗೆ ಗಾಳಿ ಬಿಡೋ ಕವಾಟದ) ಗ್ಯಾಸ್ಕೆಟ್ ಹೋಗಿರತ್ತೆ, ಇಲ್ಲಾ ಕಿಡಿಗೆ ಕರೆಂಟ್ ಕೊಡೋ ಮ್ಯಾಗ್ನೆಟ್ ಕಡೆ ಕ್ರ್ಯಾಂಕ್ ಶಾಫ್ಟಿನ ಸೀಲ್ ಒಣಗಿರತ್ತೆ (ಇದನ್ನ ಯಾರೂ ನೋಡಲ್ಲ). ಇಂಜಿನ್ ಆಫ್ ಮಾಡಿ ಇನ್‌ಟೇಕು, ಎಕ್ಸಾಸ್ಟು ಎರಡೂ ಮುಚ್ಚಿ, 6 ಪಿಎಸ್‌ಐ ಗಾಳಿ ಕೊಟ್ಟು ಸೋಪ್ ನೀರು ಹಚ್ಚಿದ್ರೆ ಗುಳ್ಳೆ ಬರೋ ಜಾಗ ಸಿಗತ್ತೆ. ಲೀಕ್ ಸರಿ ಮಾಡದೆ ಹಂಗೇ ಓಡಿಸಿದ್ರೆ ಮಿಶ್ರಣ ಲೀನ್ ಆಗಿ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಪಿಸ್ಟನ್ ಕಾದು ಸೀಜ್ ಆಗತ್ತೆ, ಅಂದ್ರೆ ಸಿಲಿಂಡರಲ್ಲೇ ಸಿಕ್ಕಿಕೊಳ್ಳತ್ತೆ. ನಿಮ್ಮ ವಾಹನ ಪುಟದಲ್ಲಿ ಇಂಥದ್ದಕ್ಕೂ ಸ್ವಲ್ಪ ಜಾಗ ಕೊಡಿ.

– ಒಬ್ಬ ಓದುಗ