ಪದ ಊಹಿಸುವ ಆಟಕ್ಕೆ ಕಾಗುಣಿತದ ಸುಳಿವು ಬೇಕು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಜೋಶ್ ವಾರ್ಡಲ್ ಎಂಬವರು ರೂಪಿಸಿ 2021ರಲ್ಲಿ ಎಲ್ಲರ ಕೈಗಿತ್ತ ‘ವರ್ಡಲ್’ ಆಟವನ್ನು ನಾನು ಮುಂಬಯಿ ಬಳಿಯ ಡೊಂಬಿವಲಿಯಿಂದ ಹೊರಡುವ ಲೋಕಲ್ ರೈಲಿನಲ್ಲಿ ದಿನವೂ ಆಡುತ್ತೇನೆ. ಅದನ್ನು ಕನ್ನಡದಲ್ಲಿ ಮಕ್ಕಳಿಗೆ ಆಡಿಸಲು ಹೊರಟಾಗ ಎದುರಾದ ತೊಡಕನ್ನೂ ಕಂಡುಕೊಂಡ ದಾರಿಯನ್ನೂ ತಮ್ಮ ಓದುಗರ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ.

ಇಂಗ್ಲಿಷ್ ಆಟದಲ್ಲಿ ಐದಕ್ಷರದ ಪದವನ್ನು ಆರು ಊಹೆಗಳೊಳಗೆ ಕಂಡುಹಿಡಿಯಬೇಕು. ಊಹಿಸಿದ ಅಕ್ಷರ ಪದದಲ್ಲಿದ್ದು ಜಾಗವೂ ಸರಿಯಿದ್ದರೆ ಹಸಿರು, ಜಾಗ ತಪ್ಪಿದ್ದರೆ ಹಳದಿ, ಅಕ್ಷರವೇ ಇಲ್ಲದಿದ್ದರೆ ಬೂದು ಬಣ್ಣ. ‘ಕ್ರೇನ್’ (crane) ಎಂದು ಆರಂಭಿಸಿ ಅದರ ಐದೂ ಅಕ್ಷರಗಳು ಇಲ್ಲವೆಂದಾಗಿ, ಮುಂದೆ ‘ಲೈಟ್, ಮೈಟ್, ಫೈಟ್, ಸೈಟ್, ಟೈಟ್’ (light, might, fight, sight, tight) ಎಂಬ ಸಾಲು ಉಳಿದರೆ, ಹೆಚ್ಚಿನವರು ಮೊದಲಕ್ಷರವನ್ನಷ್ಟೇ ಬದಲಿಸುತ್ತಾ ಅವಕಾಶಗಳನ್ನೆಲ್ಲ ಕಳೆದುಕೊಳ್ಳುತ್ತಾರೆ. ಅಲ್ಲಿ ‘ಫಿಲ್ಮ್ಸ್’ (films) ಎಂದು ಬರೆದರೆ ಎಫ್, ಎಲ್, ಎಂ, ಎಸ್ ನಾಲ್ಕೂ ಒಂದೇ ಏಟಿಗೆ ಇತ್ಯರ್ಥವಾಗುತ್ತವೆ. ನಾಲ್ಕೂ ಇಲ್ಲದಿದ್ದರೆ ಉತ್ತರ ‘ಟೈಟ್’. ಉತ್ತರವಾಗದೆಂದು ತಿಳಿದೂ ಒಂದು ಪದವನ್ನು ಬರೆಯುವುದೇ ಈ ಆಟದ ದೊಡ್ಡ ಪಟ್ಟು ಎಂದು ನನ್ನ ಅಭಿಪ್ರಾಯ (ಸಿಕ್ಕ ಸುಳಿವನ್ನು ಬಳಸಲೇಬೇಕೆಂಬ ಕಠಿಣ ವಿಧಾನದಲ್ಲಿ ಮಾತ್ರ ಇದು ನಡೆಯದು).

ಕನ್ನಡದಲ್ಲಿ ಒಂದೊಂದು ಮನೆಯಲ್ಲಿ ಕೂರುವುದು ಗುಣಿತಾಕ್ಷರ. ಕಳೆದ ಮಳೆಗಾಲದಲ್ಲಿ ನಮ್ಮ ಸೊಸೈಟಿಯ ಮಕ್ಕಳೆದುರು ಹಲಗೆಯ ಮೇಲೆ ಮೂರು ಮನೆ ಬರೆದು, ‘ಮೊಸರು’ ಎಂಬ ಪದವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೆ. ಒಬ್ಬ ಹುಡುಗಿ ‘ಮಸಾಲೆ’ ಎಂದಳು. ಒಂದಕ್ಷರವೂ ಪೂರ್ತಿ ಹೊಂದದ್ದರಿಂದ ಮೂರಕ್ಕೂ ತಪ್ಪು ಗುರುತು ಹಾಕಿದೆ. ಅವಳು ಮಕಾರ, ಸಕಾರಗಳನ್ನೇ ಕೈಬಿಟ್ಟಳು. ಉತ್ತರ ಹೇಳಿದಾಗ “ಮ ಇತ್ತಲ್ಲ ಅಂಕಲ್” ಎಂದು ಕಣ್ಣು ತುಂಬಿಕೊಂಡಳು. ತಪ್ಪಿದ್ದುದು ನಾನು ಕೊಟ್ಟ ಸುಳಿವಿನಲ್ಲಿ. ಅಂದಿನಿಂದ ವ್ಯಂಜನ ಮಾತ್ರ ಸರಿಯಿದ್ದರೆ ಅಕ್ಷರದ ಕೆಳಗೆ ಗೆರೆ, ಸ್ವರ ಮಾತ್ರ ಸರಿಯಿದ್ದರೆ ಮೇಲೆ ಚುಕ್ಕೆ, ಎರಡೂ ಸರಿಯಿದ್ದರೆ ಸುತ್ತು ಹಾಕುತ್ತಿದ್ದೇನೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಆ ಮಕ್ಕಳು ಈಗ ‘ಸಾ’ ಎಂಬುದನ್ನು ಸಕಾರ, ಆಕಾರ ಎಂದು ತಾವಾಗಿಯೇ ಬಿಡಿಸಿ ಹೇಳುತ್ತಾರೆ.

ಊಹಿಸುವವರಿಗೂ ಇದರಿಂದ ದಾರಿ ಸಿಗುತ್ತದೆ. ಇಂದಿನ ಅಚ್ಚಗನ್ನಡದ ಪದಗಳು ಹೆಚ್ಚಾಗಿ ಸ್ವರಾಂತವಾದ್ದರಿಂದ ‘ಬಾಗಿಲು’ ಎಂದು ಆರಂಭಿಸಿ ‘ಕುದುರೆ’ ಎಂದು ಮುಂದುವರಿದರೆ ಆರು ವ್ಯಂಜನಗಳ ಜೊತೆಗೆ ಉಕಾರಾಂತವೋ ಎಕಾರಾಂತವೋ ಎಂಬುದೂ ತಿಳಿಯುತ್ತದೆ. ಣಕಾರ, ಳಕಾರಗಳನ್ನು ಮೊದಲ ಮನೆಯಲ್ಲಿ ಹುಡುಕಬೇಕಿಲ್ಲ. ಮಹಾಪ್ರಾಣಗಳು ಹೆಚ್ಚಾಗಿ ಸಂಸ್ಕೃತದಿಂದ ಬಂದ ಪದಗಳಲ್ಲಿರುವುದರಿಂದ ಅವನ್ನು ಕೊನೆಗೆ ಇಟ್ಟುಕೊಳ್ಳಬಹುದು.

ಅಚ್ಚಾದ ಪುಟದಲ್ಲಿ ಬಣ್ಣ ಬದಲಾಗದು, ನಿಜ. ಆದರೆ ಮೇಲಿನ ಗುರುತುಗಳನ್ನು ಹಾಕಿದ ಮೂರು ಊಹೆಗಳನ್ನು ಪ್ರಕಟಿಸಿ, ಅವಕ್ಕೆಲ್ಲ ಹೊಂದುವ ಒಂದೇ ಪದವನ್ನು ಓದುಗರೇ ಕಂಡುಹಿಡಿಯುವಂತೆ ಮಾಡಬಹುದು. ಅರ್ಥದ ಸುಳಿವನ್ನು ಪಕ್ಕದಲ್ಲಿ ತಲೆಕೆಳಗಾಗಿ ಅಚ್ಚು ಹಾಕಿದರೆ ಬೇಕಾದವರು ಮಾತ್ರ ಪುಟ ತಿರುಗಿಸಿ ಓದಿಕೊಳ್ಳುತ್ತಾರೆ. ಪದಬಂಧದ ಬಳಿ ವಾರಕ್ಕೊಮ್ಮೆಯಾದರೂ ಇದಕ್ಕೆ ಜಾಗ ಕೊಡಬೇಕೆಂದು ವಿನಂತಿಸುತ್ತೇನೆ.

– ಓರ್ವ ಓದುಗ, ಡೊಂಬಿವಲಿ ಪೂರ್ವ